ಗಿಟಾರಣ್ಣನ ಕಿವಿ

ನನ್ನ ಮೈದುನ ರಿಪೇರಿ ಮಾಡಿಕೊಟ್ಟ ಸ್ಪೀಕರ್ ತಿರುಗಿ ಅಂಗಡಿಗೆ ಬಂದದ್ದು ಮೂವತ್ತು ವರ್ಷದಲ್ಲಿ ಎರಡೇ ಸಲ. ಒಂದನ್ನು ಇಲಿ ಕಡಿದಿತ್ತು. ಇನ್ನೊಂದನ್ನು ಗಂಡ ಹೆಂಡತಿ ಜಗಳದಲ್ಲಿ ಮಹಡಿಯಿಂದ ಕೆಳಗೆ ಎಸೆದಿದ್ದರು. ಹೋದ ವರ್ಷ ಮಾತ್ರ ಏಳು ತಿಂಗಳಲ್ಲಿ ಐದು ಜೋಡಿ ತಿರುಗಿ ಬಂದವು. ಐದಕ್ಕೂ ಒಂದೇ ದೂರು, ಸದ್ದು ಚುಚ್ಚುತ್ತದೆ ಎಂದು. ಅವನು ಐವರಿಗೂ ಒಂದೇ ಉತ್ತರ ಕೊಟ್ಟ, ನಿಮ್ಮ ಕಿವಿ ಸರಿಯಿಲ್ಲ ಎಂದು. ಆ ಐದನೆಯ ಜೋಡಿಯ ವಿಷಯ ಹೇಳಬೇಕಾದರೆ ಅವನ ವಿಷಯವನ್ನೇ ಮೊದಲಿನಿಂದ ಹೇಳಬೇಕು.

ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅವನಿಗೆ ಹನ್ನೊಂದು ವರ್ಷ. ನನ್ನ ಗಂಡನ ಕಿರಿಯ ತಮ್ಮ. ಆಗಲೇ ಬೀದಿಯವರು ಅವನನ್ನು ಗಿಟಾರ್ ಎಂದು ಕರೆಯುತ್ತಿದ್ದರು. ಅವನ ಕೈಯಲ್ಲಿ ಗಿಟಾರ್ ಯಾವತ್ತೂ ಇರಲಿಲ್ಲ, ಪೊರಕೆ ಇತ್ತು. ಪಕ್ಕದ ಮನೆಯವನು ಹಡಗಿನಲ್ಲಿ ಕೆಲಸಕ್ಕಿದ್ದ. ರಜೆಗೆ ಬಂದಾಗಲೆಲ್ಲ ಹೊಸ ರೆಕಾರ್ಡುಗಳನ್ನು ತಂದು, ಕಿಟಕಿ ತೆರೆದಿಟ್ಟು ಹಾಕುತ್ತಿದ್ದ. ಗುದ್ದುವ ಡ್ರಮ್, ಗಂಟಲು ಹರಿಯುವ ಹಾಡು, ಅಳುವ ಹಾಗೆ ಎಳೆಯುವ ಗಿಟಾರ್. ಅದಕ್ಕೆ ರಾಕ್ ಎನ್ನುತ್ತಾರೆ ಎಂದು ನನಗೆ ಹೇಳಿಕೊಟ್ಟವನು ನನ್ನ ಮೈದುನನೇ. ಆ ಸದ್ದು ಶುರುವಾಯಿತೆಂದರೆ ಅಂಗಳ ಗುಡಿಸುತ್ತಿದ್ದವನು ಪೊರಕೆಯನ್ನು ಎದೆಗೆ ಅಡ್ಡ ಹಿಡಿದು, ಕಡ್ಡಿಗಳನ್ನು ಬಾರಿಸುತ್ತ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ನನ್ನ ಮಾವ ಬಾಗಿಲಲ್ಲಿ ನಿಂತು, "ಕಸ ಇದ್ದಲ್ಲೇ ಇದೆ, ಕಚೇರಿ ಮಾತ್ರ ಜೋರಾಗಿ ನಡೀತಿದೆ" ಎನ್ನುತ್ತಿದ್ದರು. ದೊಡ್ಡವನಾದ ಮೇಲೆ ಹೆಸರಿಗೆ ಒಂದು ಅಣ್ಣ ಸೇರಿ ಗಿಟಾರಣ್ಣ ಆದ, ಅಷ್ಟೇ.

ಇಪ್ಪತ್ತಕ್ಕೆ ಕೆಲಸ ಸಿಕ್ಕಿತು. ಬಸ್ ನಿಲ್ದಾಣದ ಹಿಂದೆ ಆರು ಮೆಟ್ಟಿಲು ಕೆಳಗಿಳಿದರೆ ಒಂದು ಉದ್ದನೆಯ ಕೋಣೆ. ಅಲ್ಲಿ ಬೀರುವಿನಷ್ಟು ಎತ್ತರದ ಹದಿನಾಲ್ಕು ಆಟದ ಯಂತ್ರಗಳಿದ್ದವು. ಒಂದೊಂದರ ಎದೆಯಲ್ಲೂ ಒಂದು ಟಿವಿ, ಅದರ ಕೆಳಗೆ ಹಿಡಿಕೆ ಮತ್ತು ಗುಂಡಿಗಳು. ಬಿಲ್ಲೆ ಹಾಕಿದರೆ ಆಟ ಶುರು. ಕಾರು ಓಡಿಸುವುದು, ಆಕಾಶದಿಂದ ಇಳಿಯುವ ಶತ್ರುಗಳನ್ನು ಹೊಡೆಯುವುದು, ಏಣಿ ಹತ್ತಿ ಓಡುವುದು. ಸಿಕ್ಕಿಕೊಂಡ ಬಿಲ್ಲೆ ಬಿಡಿಸುವುದು, ಸಡಿಲವಾದ ಹಿಡಿಕೆ ಬಿಗಿಮಾಡುವುದು, ಟಿವಿ ಕೆಟ್ಟರೆ ನೋಡುವುದು ಅವನ ಕೆಲಸ. ನಾನು ಮಧ್ಯಾಹ್ನ ಊಟದ ಡಬ್ಬಿ ಕೊಡಲು ಹೋಗುತ್ತಿದ್ದೆ. ಆ ಕೋಣೆಯಲ್ಲಿ ಮಾತಾಡಿ ಪ್ರಯೋಜನವಿರಲಿಲ್ಲ, ಕೈಸನ್ನೆಯೇ ಗತಿ. ಹದಿನಾಲ್ಕು ಯಂತ್ರಗಳ ಗಲಾಟೆ ಸಾಲದೆಂದು ಯಜಮಾನ ಬಾಗಿಲ ಎರಡೂ ಪಕ್ಕ ಆಳೆತ್ತರದ ಸ್ಪೀಕರ್ ನಿಲ್ಲಿಸಿ ಬೆಳಿಗ್ಗೆಯಿಂದ ಸಂಜೆಯವರೆಗೆ ರಾಕ್ ಹಾಕಿಸುತ್ತಿದ್ದ. ಹಾಡು ಕೇಳಿಸಿದರೆ ಹಾದುಹೋಗುವವರು ನಿಲ್ಲುತ್ತಾರೆ ಎಂಬುದು ಅವನ ಲೆಕ್ಕ. ನನ್ನ ಮೈದುನನ ಮೇಜು ಆ ಎರಡು ಸ್ಪೀಕರುಗಳ ನಡುವೆ ಇತ್ತು. ಒಂಬತ್ತು ವರ್ಷ ಅಲ್ಲಿ ಕೂತ. ಅವನಿಗೆ ಅದು ಸಂಬಳ ಕೊಟ್ಟು ಸ್ವರ್ಗದಲ್ಲಿ ಕೂರಿಸಿದ ಹಾಗಿತ್ತು.

ಆ ಗಲಾಟೆಯಲ್ಲಿಯೇ ಅವನ ಕಿವಿ ಹೆಸರು ಮಾಡಿದ್ದು. ಕೋಣೆಯ ತುದಿಯಲ್ಲಿ ಯಾವುದೋ ಯಂತ್ರದ ದನಿ ಕೂದಲೆಳೆಯಷ್ಟು ಬದಲಾದರೆ ಕೂತಲ್ಲಿಂದಲೇ ಹೇಳುತ್ತಿದ್ದ, "ಒಂಬತ್ತನೇದರಲ್ಲಿ ಒಂದು ತಂತಿ ಬಿಡ್ತಾ ಇದೆ." ಹೋಗಿ ಬಿಚ್ಚಿದರೆ ಬಿಟ್ಟೇ ಇರುತ್ತಿತ್ತು. ಮೀಟರ್ ಹಿಡಿದು ಕೂರುವ ಮೆಕ್ಯಾನಿಕ್‌ಗಳನ್ನು ಕಂಡರೆ ಅವನಿಗೆ ನಗು.

ಅಲ್ಲಿಗೆ ಹೆಂಗಸರು ಬರುತ್ತಿರಲಿಲ್ಲ, ಒಬ್ಬಳ ಹೊರತು. ಎದುರಿನ ಗ್ರಂಥಾಲಯದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ. ಊಟದ ಬಿಡುವಿನಲ್ಲಿ ಬಂದು, ಚೀಲವನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಕಾರಿನ ಆಟ ಆಡಿ ಹೋಗುತ್ತಿದ್ದಳು. ಕರೆಂಟ್ ತೆಗೆದರೆ ಯಂತ್ರದಲ್ಲಿದ್ದ ಅಂಕಗಳೆಲ್ಲ ಅಳಿಸಿಹೋಗುತ್ತಿದ್ದವು. ಆದ್ದರಿಂದ ನನ್ನ ಮೈದುನ ದಿನದ ಮೊದಲ ಸ್ಥಾನವನ್ನು ಬಳಪದಲ್ಲಿ ಹಲಗೆಯ ಮೇಲೆ ಬರೆದಿಡುತ್ತಿದ್ದ. ಕಾರಿನ ಆಟದ ಮುಂದೆ ತಿಂಗಳುಗಟ್ಟಲೆ ಅವಳದೇ ಅಂಕ ಇರುತ್ತಿತ್ತು. ಗಂಡಸರು ಬಂದು ಅದನ್ನು ನೋಡಿ, ಬಿಲ್ಲೆ ಹಾಕಿ, ಸೋತು, ಯಂತ್ರಕ್ಕೆ ಒದ್ದು ಹೋಗುತ್ತಿದ್ದರು. ಒದ್ದದ್ದನ್ನು ಸರಿಮಾಡುವುದೂ ಇವನ ಪಾಲಿಗೆ. ಅವಳೇ ಮುಂದೆ ಲೈಬ್ರರಿ ಮೇಡಂ ಆದದ್ದು.

ಮನೆಮನೆಗೆ ಆಟ ಬಂದ ಮೇಲೆ ಆ ಅಂಗಡಿ ಮುಚ್ಚಿತು. ಯಜಮಾನ ಹೋಗುವಾಗ ಕಾರಿನ ಆಟದ ಯಂತ್ರ, ಆಂಪ್ಲಿಫೈಯರ್ ಮತ್ತು ಒಂದು ಪೆಟ್ಟಿಗೆ ರೆಕಾರ್ಡುಗಳನ್ನು ಇವನಿಗೆ ಕೊಟ್ಟುಹೋದ. ಆಮೇಲೆ ಮೂರು ನಾಲ್ಕು ವರ್ಷ ಬೇರೆಯವರ ಬಳಿ ಟಿವಿ ರಿಪೇರಿಗೆ ಹೋದ. ಕೊನೆಗೆ ನನ್ನ ಗಂಡ, "ನಿನಗೆ ಟಿವಿ ಮೇಲೆ ಮನಸ್ಸಿಲ್ಲ, ಮುಂದಿನ ಕೋಣೆ ಖಾಲಿ ಇದೆ, ನಿನ್ನ ಡಬ್ಬಗಳನ್ನ ಅಲ್ಲೇ ಇಟ್ಕೋ" ಎಂದರು. ಹಾಗೆ ಶುರುವಾದದ್ದು ಹಳೆಯ ರೆಕಾರ್ಡ್ ಪ್ಲೇಯರ್, ಆಂಪ್ಲಿಫೈಯರ್, ಸ್ಪೀಕರ್ ರಿಪೇರಿಯ ಅಂಗಡಿ.

ಸ್ಪೀಕರಿನ ಕಾಗದದ ಕೆಲಸ ನನ್ನದಾಯಿತು. ಕೋನ್ ಎನ್ನುವ ಕಾಗದದ ಲಾಳಿಕೆ ಹರಿದಿದ್ದರೆ ಅಂಟಿಸುವುದು, ಅಂಚಿನ ಮೆತ್ತನೆಯ ಫೋಮ್ ಬಳೆ ಪುಡಿಯಾಗಿದ್ದರೆ ಹಳೆಯ ಅಂಟನ್ನು ಕೆರೆದು ಹೊಸ ಬಳೆ ಕೂರಿಸುವುದು, ಸುಟ್ಟ ಕಾಯಿಲ್ ಸುತ್ತುವುದು. ಕಾಯಿಲ್ ಎಂದರೆ ಕೂದಲಿನಂಥ ತಾಮ್ರದ ತಂತಿಯ ಸುರುಳಿ. ಅದು ಅಯಸ್ಕಾಂತದ ಸಂದಿಯಲ್ಲಿ ಯಾವ ಪಕ್ಕಕ್ಕೂ ತಗಲದೆ ನಿಲ್ಲಬೇಕು. ನಾಲ್ಕು ಕಡೆ ಫಿಲ್ಮಿನ ತುಂಡು ತೂರಿಸಿ, ಅಂಟು ಒಣಗಲು ಒಂದು ಹಗಲು ಒಂದು ಇರುಳು ಬಿಟ್ಟು, ಆಮೇಲೆ ತುಂಡುಗಳನ್ನು ಎಳೆದುಕೊಳ್ಳಬೇಕು. ಅವಸರ ಮಾಡಿದರೆ ಕೆರೆತದ ಸದ್ದು ಬರುತ್ತದೆ. ನನಗೆ ಬರೆಯುವುದು ಅಷ್ಟಕ್ಕಷ್ಟೇ. ಹಾಗಾಗಿ ಯಾರ ಸಾಮಾನು ಯಾವುದು ಎಂಬುದಕ್ಕೆ ಬಣ್ಣದ ದಾರ ಕಟ್ಟುತ್ತಿದ್ದೆ, ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಬಿಚ್ಚಿ ತೆಗೆದ ಹಳೆಯ ಭಾಗಗಳಿಗೂ ಅದೇ ದಾರ ಕಟ್ಟಿ ಒಂದು ವರ್ಷ ಡಬ್ಬದಲ್ಲಿ ಇಡುತ್ತಿದ್ದೆ. ಮೈದುನ, "ಅತ್ತಿಗೆ, ಸತ್ತವಕ್ಕೂ ದಾರ ಕಟ್ತೀರಲ್ಲ" ಎಂದು ತಮಾಷೆ ಮಾಡುತ್ತಿದ್ದ.

ಕೊನೆಗೆ ಕೇಳಿ ನೋಡುವುದು ಮಾತ್ರ ಅವನ ಹಕ್ಕು. ಅದಕ್ಕೆ ಒಂದೇ ರೆಕಾರ್ಡ್, ಒಂದೇ ಹಾಡು. ಡ್ರಮ್ಮಿನವನ ಪಕ್ಕ ನೇತುಹಾಕಿರುತ್ತಾರಲ್ಲ ಕಂಚಿನ ತಟ್ಟೆ, ಅದರ ತುದಿಗೆ ಕಡ್ಡಿ ತಾಗಿದಾಗ ಬರುವ 'ಚಿಂಯ್' ಎನ್ನುವ ಸದ್ದಿಗೆ ಅವನು ಕಾಯುತ್ತಿದ್ದ. ಆ ಸದ್ದು ಹರಡಿ, ಸಣ್ಣದಾಗಿ, ಗಾಳಿಯಲ್ಲಿ ಕರಗಬೇಕು. ಕರಗಿದರೆ ಸ್ಪೀಕರ್ ಪಾಸು.

ಈ ಹಾಡನ್ನು ಮನೆಯಲ್ಲಿ ಹೆಚ್ಚು ದ್ವೇಷಿಸುತ್ತಿದ್ದವಳು ಅವನ ಹೆಂಡತಿ, ನನ್ನ ಓರಗಿತ್ತಿ. ಅವನಿಗಿಂತ ಹತ್ತು ವರ್ಷ ಚಿಕ್ಕವಳು. ಒಳಕೋಣೆಯಲ್ಲಿ ಕೂತು ಅಂಗಿಗಳಿಗೆ ಕಾಜಾ ಹೊಲಿಯುತ್ತಾಳೆ. ಮದುವೆಯಾದ ಮೂರನೆಯ ದಿನ ಅವನು ಪ್ರೀತಿಯಿಂದ ಆ ಹಾಡು ಕೇಳಿಸಿದಾಗ, "ಯಾರಿಗೆ ಏನಾಯ್ತಂತೆ ರೀ, ಇಷ್ಟು ಅರಚ್ತಾ ಇದಾನೆ?" ಎಂದು ಕೇಳಿದ್ದಳು. ಅಂದಿನಿಂದ ರೆಕಾರ್ಡ್ ತಿರುಗಲು ಶುರುವಾದರೆ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದಳು. ಅವಳ ಹೊಲಿಗೆ ಡಬ್ಬದಲ್ಲಿ ಸೂಜಿಯಷ್ಟೇ ಕಾಯಂ ಆಗಿ ಹತ್ತಿಯೂ ಇತ್ತು. ಅವನು, "ಇವಳದು ಕಿವಿ ಅಲ್ಲ, ಲೋಲಾಕು ನೇತುಹಾಕೋ ಗೂಟ" ಎನ್ನುತ್ತಿದ್ದ. ಅವಳು ಅದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ.

ನನ್ನ ಗಂಡ ತೀರಿಕೊಂಡು ಹನ್ನೆರಡು ವರ್ಷವಾಯಿತು. ನಾವು ಮೂವರೂ ಹೀಗೆಯೇ ಇದ್ದೆವು. ನಾನು ಕಾಗದಕ್ಕೆ, ಅವನು ಕಿವಿಗೆ, ಅವಳು ಹತ್ತಿಗೆ.

ಹೋದ ವರ್ಷ ಮೊದಲು ಬಂದದ್ದು ಕ್ಷೌರದವನ ಜೋಡಿ. ತನ್ನ ಅಂಗಡಿಯಲ್ಲಿ ಹಳೆಯ ಕ್ಯಾಸೆಟ್ ಹಾಕುವವನು. ಸ್ಪೀಕರುಗಳನ್ನು ಮೇಜಿನ ಮೇಲೆ ಇಟ್ಟವನೇ, "ಅಣ್ಣ, ಇದು ಕಿವಿಯೊಳಗೆ ಕತ್ತರಿ ಆಡಿಸಿದ ಹಾಗಿದೆ" ಎಂದ.

"ನೀನು ದಿನಾ ಮಾಡೋ ಕೆಲಸಾನೇ ಅದು. ಇವತ್ತು ನಿನಗೆ ಯಾರೋ ಮಾಡಿದ್ರು, ಅಷ್ಟೇ."

"ತಮಾಷೆ ಅಲ್ಲಣ್ಣ, ಗಿರಾಕಿಗಳು ತಲೆ ಅಲ್ಲಾಡಿಸ್ತಾರೆ. ನನ್ನ ಕೈಲಿ ಕ್ಷೌರದ ಕತ್ತಿ ಇರುತ್ತೆ."

ಮೈದುನ ಆ ಹಾಡು ಹಾಕಿದ, ಕೇಳಿದ, ಹಣೆ ಗಂಟಿಕ್ಕಿದ. "ಎಲ್ಲಿ ಚುಚ್ಚುತ್ತೆ? ಮೊದಲಿಗಿಂತ ಮಂದವಾಗೇ ಇದೆಯಲ್ಲೋ" ಎಂದು ಪೆಟ್ಟಿಗೆಯ ಹಿಂದಿನ ತಿರುಪು ತಿರುಗಿಸಿ ಸಣ್ಣ ದನಿಯನ್ನು ಇನ್ನಷ್ಟು ಏರಿಸಿ ಕೊಟ್ಟ. ಕ್ಷೌರದವನು ಮತ್ತೆ ಬರಲಿಲ್ಲ. ಅವನಾದ ಮೇಲೆ ಇನ್ನೂ ಮೂವರು ಬಂದರು. ಮಾತು ಹಾಗೆಯೇ ಆಯಿತು. ಇವರೆಲ್ಲರ ಸ್ಪೀಕರಿನಲ್ಲಿಯೂ ಇವನು ಟ್ವೀಟರ್ ಬದಲಿಸಿದ್ದ ಎಂಬುದನ್ನು ನಾನು ದಾರದಿಂದ ಗುರುತಿಟ್ಟುಕೊಂಡಿದ್ದೆ. ಟ್ವೀಟರ್ ಎಂದರೆ ಪೆಟ್ಟಿಗೆಯ ಮೇಲ್ಭಾಗದಲ್ಲಿರುವ ಪುಟ್ಟ ಸ್ಪೀಕರ್. ಆ ತಟ್ಟೆಯ ಸದ್ದಿನಂಥ ಸಣ್ಣ ದನಿಗಳೆಲ್ಲ ಅದರದ್ದು. ಮೂವತ್ತು ವರ್ಷದಲ್ಲಿ ಸತ್ತ ಟ್ವೀಟರ್ ಹತ್ತು ಹನ್ನೆರಡು ಸಿಕ್ಕಿದ್ದರೆ ಹೆಚ್ಚು. ಈಗ ಏಳು ತಿಂಗಳಲ್ಲಿ ನನ್ನ ಡಬ್ಬದಲ್ಲಿ ಹತ್ತು ಬಿದ್ದಿದ್ದವು. ಇಷ್ಟೊಂದು ಒಟ್ಟಿಗೆ ಸಾಯುತ್ತವೆಯೇ ಎಂದು ಅನ್ನಿಸಿತ್ತು. ಕೇಳಲಿಲ್ಲ.

ಕೊನೆಯ ಎರಡು ಲೈಬ್ರರಿ ಮೇಡಂ ಅವರವು. ನಿವೃತ್ತಿಯಾದ ತಿಂಗಳಲ್ಲೇ ತಮ್ಮ ಹಳೆಯ ಸ್ಪೀಕರುಗಳನ್ನು ಆಟೋದಲ್ಲಿ ತಂದರು. ಹಗಲೆಲ್ಲ ಯಾರೂ ಕೆಮ್ಮದ ಕೋಣೆಯಲ್ಲಿ ಕೂತು, ಸಂಜೆ ಮನೆಗೆ ಹೋಗಿ ಒಂದು ರಾಕ್ ರೆಕಾರ್ಡ್ ಕೇಳಿದರೆ ಮಾತ್ರ ಅವರಿಗೆ ಊಟ ಸೇರುತ್ತಿತ್ತಂತೆ. ಫೋಮ್ ಪುಡಿಯಾಗಿ ಒಂದು ವರ್ಷದಿಂದ ಕೇಳಿರಲಿಲ್ಲ. ಅಂದು ಅಂಗಡಿಯ ಮೂಲೆಯಲ್ಲಿದ್ದ ಕಾರಿನ ಯಂತ್ರವನ್ನು ನೋಡಿ, ಓದುವ ಕನ್ನಡಕ ಏರಿಸಿಕೊಂಡು ನಿಂತೇಬಿಟ್ಟರು. ಎರಡನೆಯ ತಿರುವಿನಲ್ಲಿ ಕಾರು ಗೋಡೆಗೆ ಗುದ್ದಿತು.

"ಮೇಡಂ, ಹಲಗೆ ಮೇಲೆ ಬರೀಲಾ?" ಎಂದ ಮೈದುನ.

"ಬರೀರಿ, ಕೆಳಗಿನಿಂದ ಮೊದಲನೇ ಸ್ಥಾನ ಅಂತ" ಎಂದು ಅವರು ನಕ್ಕರು.

ನಾನು ಹೊಸ ಫೋಮ್ ಕೂರಿಸಿದೆ. ಎರಡೂ ನಯವಾಗಿ ಆಡುತ್ತಿದ್ದವು. ಮೈದುನ ಆ ಹಾಡು ಹಾಕಿ ಕೇಳಿ, "ಎರಡೂ ಟ್ವೀಟರ್ ಹೋಗಿವೆ ಅತ್ತಿಗೆ" ಎಂದ. ಬೇರೆ ಹಾಕಿ, ಏರಿಸಿ ಕಳಿಸಿದ. ಏಳನೆಯ ದಿನ ಮೇಡಂ ಅದೇ ಆಟೋದಲ್ಲಿ ತಂದರು.

"ಗಿಟಾರಣ್ಣ, ಹೇಗೆ ಹೇಳ್ಲಿ, ನನಗೆ ಒಂದು ಹಾಡೂ ಪೂರ್ತಿ ಕೇಳೋಕಾಗಲಿಲ್ಲ. ಹಲ್ಲು ಜುಂ ಅನ್ನುತ್ತೆ."

"ನಿಮಗೂ ವಯಸ್ಸಾಯ್ತು ಮೇಡಂ. ಒಂದು ವರ್ಷ ಕೇಳಿಲ್ಲ ನೋಡಿ, ಕಿವಿ ಜಡ್ಡು ಹಿಡಿದಿದೆ. ಸ್ಪೀಕರ್‌ನಲ್ಲಿ ಏನೂ ಇಲ್ಲ."

ಅವರು ಸ್ಪೀಕರುಗಳ ಮೇಲೆ ಒಮ್ಮೆ ಕೈಯಾಡಿಸಿದರು. "ಇರಬಹುದು. ನನ್ನದೇ ತಪ್ಪಿರಬಹುದು. ಹಾಗಾದ್ರೆ ಇವನ್ನ ಇಲ್ಲೇ ಇಟ್ಕೊಳ್ಳಿ, ಯಾರಿಗಾದರೂ ಬೇಕಿದ್ದರೆ ಕೊಟ್ಟುಬಿಡಿ. ಕೇಳೋಕಾಗದ ಮೇಲೆ ಮನೇಲಿ ಯಾಕೆ?" ಎಂದು ಎದ್ದರು. ಹೊರಗೆ ಹೋದವರು ಬಾಗಿಲ ಚೌಕಟ್ಟನ್ನು ಒಂದು ಗಳಿಗೆ ಹಿಡಿದು ನಿಂತದ್ದು ನನಗೆ ಕಾಣಿಸಿತು. ಮೈದುನನಿಗೆ ಕಾಣಿಸಲಿಲ್ಲ, ಅವನು ತಂತಿ ಸುತ್ತುತ್ತಿದ್ದ.

ನನಗೆ ಅದನ್ನು ಸಹಿಸಲಾಗಲಿಲ್ಲ. ನಲವತ್ತು ವರ್ಷ ಸದ್ದೇ ಇಲ್ಲದ ಜಾಗದಲ್ಲಿ ಕೂತವರ ಕಿವಿ ಹೇಗೆ ಕೆಡುತ್ತದೆ? ಮರುದಿನ ಬೆಳಿಗ್ಗೆ ಮೈದುನ ಟೀ ಕುಡಿಯಲು ಹೋದಾಗ ಡಬ್ಬ ಇಳಿಸಿ ಅವರ ನೀಲಿ ದಾರದ ಟ್ವೀಟರುಗಳನ್ನು ಹೊರತೆಗೆದೆ. ಗಡಿಯಾರದ ಸೆಲ್ ಹಿಡಿದು ತಂತಿ ತಗಲಿಸಿದರೆ, ಸತ್ತದ್ದು ಸುಮ್ಮನಿರುತ್ತದೆ, ಬದುಕಿದ್ದದ್ದು 'ಚಟ್' ಎನ್ನುತ್ತದೆ. ಒಂದನ್ನು ಮುಟ್ಟಿಸಿದೆ, ಚಟ್. ಇನ್ನೊಂದನ್ನು ಮುಟ್ಟಿಸಿದೆ, ಅದೂ ಚಟ್. ಡಬ್ಬದಲ್ಲಿದ್ದ ಬೇರೆ ಎಂಟನ್ನೂ ಮುಟ್ಟಿಸಿದೆ. ಹತ್ತೂ ಬದುಕಿದ್ದವು.

ಆದರೂ ಒಮ್ಮೆ ಹಾಡಿನಲ್ಲಿಯೇ ನೋಡಿಬಿಡೋಣ ಎಂದು, ಮೇಡಂ ಅವರ ಪೆಟ್ಟಿಗೆಯ ದೊಡ್ಡ ಸ್ಪೀಕರಿನ ತಂತಿ ಬಿಚ್ಚಿ, ಹಳೆಯ ಟ್ವೀಟರ್ ಒಂದನ್ನು ಮಾತ್ರ ಜೋಡಿಸಿದೆ. ರೆಕಾರ್ಡ್ ಹಾಕಿದೆ. ಹಾಡಿನ ಮೈಯೆಲ್ಲ ಹೋಗಿ ಬರೀ ಚಿಂಯ್, ಚುಂಯ್, ಜೀರುಂಡೆಯ ಹಾಗೆ ತೆಳ್ಳಗೆ ಬರುತ್ತಿತ್ತು. ನನ್ನ ಎಪ್ಪತ್ತೊಂದರ ಕಿವಿಗೂ ಬರುತ್ತಿತ್ತು.

ಆಗ ಅವನು ಬಂದುಬಿಟ್ಟ. ನಿಲ್ಲಿಸಲು ಕೈ ಚಾಚುವಷ್ಟರಲ್ಲಿ ಒಳಗಿದ್ದ. ಚಪ್ಪಲಿ ಬಿಟ್ಟ, ಸ್ಪೀಕರಿನ ಪಕ್ಕದಲ್ಲೇ ಹಾದು ತನ್ನ ಕುರ್ಚಿಯಲ್ಲಿ ಕೂತ, ದೀಪದ ಕಡೆ ನೋಡಿದ.

"ಏನತ್ತಿಗೆ, ಕರೆಂಟ್ ಇಲ್ವಾ? ಎಲ್ಲ ಸುಮ್ಮನಿದೆ."

ನಿಲ್ಲಿಸಲು ಚಾಚಿದ್ದ ಕೈಯನ್ನು ನಾನು ಹಿಂದಕ್ಕೆ ಎಳೆದುಕೊಂಡೆ. ಒಳಕೋಣೆಯಿಂದ ಓರಗಿತ್ತಿ ಕೂಗಿದಳು, "ರೀ, ಅದೇನ್ರೀ ಅದು ಬೆಳಗ್ಗೆ ಬೆಳಗ್ಗೆ! ಜೀರುಂಡೆ ಸಾಕಿದೀರಾ? ನಿಲ್ಸ್ರೀ ಅದನ್ನ, ಸೂಜಿ ಕಣ್ಣು ಕಾಣಿಸ್ತಿಲ್ಲ ನನಗೆ!"

"ಯಾವುದನ್ನ ನಿಲ್ಸೋದು?" ಎಂದ ಅವನು.

ಅವಳು ಬಾಗಿಲಿಗೆ ಬಂದಳು. "ಇದನ್ನೇ! ಚಿಂಯ್ ಚಿಂಯ್ ಅಂತ ತಲೆ ತಿಂತಿದೆಯಲ್ಲ!"

ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ರೆಕಾರ್ಡ್ ತಿರುಗುತ್ತಿರುವುದನ್ನು ನೋಡಿದ. ಅದರ ಮೇಲೆ ಸೂಜಿ ಇತ್ತು. ಎದ್ದು ಬಂದು, ಬಿಚ್ಚಿಟ್ಟ ತಂತಿಯನ್ನು ನೋಡಿದ. ಅವನಿಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. ಬಗ್ಗಿ ಟ್ವೀಟರಿಗೆ ಕಿವಿ ಹಚ್ಚಿದ. ಬಲಗಿವಿ, ಎಡಗಿವಿ. ಕಡೆಗೆ ಬೆರಳ ತುದಿಯನ್ನು ಅದರ ಮೇಲೆ ಹಗುರವಾಗಿ ಇಟ್ಟ.

"ನಡುಗ್ತಾ ಇದೆ ಅತ್ತಿಗೆ," ಎಂದ.

ರೆಕಾರ್ಡ್ ತಾನಾಗಿ ಮುಗಿಯುವವರೆಗೆ ಅವನು ಬೆರಳು ತೆಗೆಯಲಿಲ್ಲ.

ಮೂರು ದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ. ನಾಲ್ಕನೆಯ ದಿನ ಅವನನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದೆವು. ಅವನನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ, ಸದ್ದು ಕೇಳಿಸಿದರೆ ಗುಂಡಿ ಒತ್ತಿ ಎಂದರು. ಮೊದಮೊದಲು ಟಕಟಕ ಒತ್ತಿದ. ಆಮೇಲೆ ಪರೀಕ್ಷೆಯ ಹೆಂಗಸು ಸದ್ದು ಏರಿಸುತ್ತ ಹೋದರೂ ಇವನು ಬಸ್ಸಿಗೆ ಕಾಯುವವನ ಹಾಗೆ ಎದುರು ನೋಡುತ್ತ ಕೂತಿದ್ದ. ಹೊರಗೆ ನಿಂತ ನನ್ನ ಓರಗಿತ್ತಿ, ಅವನಿಗೆ ಕಾಣದ ಹಾಗೆ, "ಒತ್ರೀ, ಒತ್ರೀ" ಎಂದು ಪಿಸುಗುಡುತ್ತಿದ್ದಳು.

ಕಾಗದದ ಮೇಲಿನ ಗೆರೆ ಅರ್ಧದವರೆಗೆ ನೆಟ್ಟಗೆ ಬಂದು ಗುಂಡಿಗೆ ಬಿದ್ದ ಹಾಗಿತ್ತು. "ಕಾರ್ಖಾನೆಯಲ್ಲಿ ಕೆಲಸ ಮಾಡಿದ್ರಾ?" ಎಂದು ಡಾಕ್ಟರ್ ಕೇಳಿದರು.

"ಇಲ್ಲ, ಆಟದ ಅಂಗಡೀಲಿ."

ಮಾತು ಕೇಳಲು ಈಗ ಏನೂ ತೊಂದರೆಯಿಲ್ಲ, ಮುಂದೆ ಬೇಕಾದರೆ ಕಿವಿಗೆ ಯಂತ್ರ ಹಾಕಿಕೊಳ್ಳಬಹುದು, ಆದರೆ ಹೋದ ಸಣ್ಣ ದನಿಗಳು ಹೋದ ಹಾಗೆಯೇ ಎಂದರು. ಮನೆಗೆ ಬಂದು ನೀರು ಕುಡಿದು ನನಗೆ ಹೇಳಿದ, "ಆ ತಟ್ಟೆ ಸದ್ದು ಎಲ್ಲಿ ಹೋಯ್ತು ಅಂತ ಎರಡು ವರ್ಷದಿಂದ ಹುಡುಕ್ತಾ ಇದ್ದೆ ಅತ್ತಿಗೆ. ಬೇರೆಯವರ ಸ್ಪೀಕರ್ ಬಿಚ್ಚಿ ಬಿಚ್ಚಿ ಹುಡುಕಿದೆ."

"ಆ ಒಂಬತ್ತು ವರ್ಷ ಅಲ್ಲಿ ಕೂರದೇ ಇದ್ದಿದ್ದರೆ..." ಎಂದು ನಾನು ಶುರುಮಾಡಿದೆ.

"ಕೂರದೇ ಇದ್ದಿದ್ದರೆ ಆ ಸದ್ದು ಯಾವುದು ಅಂತಾನೇ ನನಗೆ ಗೊತ್ತಾಗ್ತಾ ಇರಲಿಲ್ಲ," ಎಂದ. ಲೋಟ ಕೆಳಗಿಟ್ಟು, "ಅಂಗಡಿ ತೆಗೆಯೋದು ಬೇಡ. ಕಿವಿ ಇಲ್ಲದವನು ಇನ್ನೊಬ್ಬರ ಸ್ಪೀಕರ್ ಮುಟ್ಟಬಾರದು" ಎಂದ.

"ಸರಿ, ಮುಚ್ಚು," ಎಂದೆ. "ಆದರೆ ಮೇಡಂ ತಮ್ಮ ಕಿವೀನೇ ಕೆಟ್ಟಿದೆ ಅಂದ್ಕೊಂಡು ಮನೇಲಿ ಕೂತಿದಾರೆ. ಅದನ್ನ ಹಾಗೇ ಬಿಟ್ಟು ಮುಚ್ತೀಯಾ?"

ಅದು ಅವನಿಗೆ ಹೊಳೆದೇ ಇರಲಿಲ್ಲ. ಅಂದೇ ಸಂಜೆ, ಬಿಸಿಲು ಇರುವಾಗಲೇ, ನೀಲಿ ದಾರದ ಎರಡು ಟ್ವೀಟರುಗಳನ್ನು ಕೈಯಲ್ಲಿ ಹಿಡಿದು ಮೇಡಂ ಮನೆಗೆ ಹೊರಟ. ನಾನೂ ಹೋದೆ. ಗೋಡೆಯ ತುಂಬ ರೆಕಾರ್ಡುಗಳು, ಬೆನ್ನಿಗೆ ಗ್ರಂಥಾಲಯದ ಪುಸ್ತಕದ ಹಾಗೆ ಅಂಕಿ ಅಂಟಿಸಿದ್ದವು. ಸ್ಪೀಕರ್ ಇದ್ದ ಜಾಗದಲ್ಲಿ ನೆಲದ ಬಣ್ಣ ಬೇರೆಯಾಗಿತ್ತು. ಅವನು ಕೂರಲಿಲ್ಲ.

"ಮೇಡಂ, ಇವು ಚೆನ್ನಾಗೇ ಇದ್ದವು. ನನಗೆ ಕೇಳಿಸಲಿಲ್ಲ, ಅದಕ್ಕೆ ಕಿತ್ತೆ. ಹಾಳಾಗಿದ್ದು ನನ್ನ ಕಿವಿ. ನಿಮ್ಮದಲ್ಲ."

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಬಹಳ ಹೊತ್ತು ಒರೆಸಿದರು. "ವಾರವಿಡೀ ಗಡಿಯಾರದ ಟಿಕ್ ಟಿಕ್ ಕೇಳಿಸುತ್ತೋ ಇಲ್ವೋ ಅಂತ ಪರೀಕ್ಷೆ ಮಾಡ್ಕೋತಾ ಇದ್ದೆ ಕಣ್ರೀ," ಎಂದರು. ಆಮೇಲೆ, "ನನಗೆ ಕೋಪ ಬರಬೇಕಿತ್ತು. ಎಷ್ಟು ಸಮಾಧಾನ ಆಯ್ತು ಅಂದ್ರೆ, ಬೈಯೋಕೂ ಆಗ್ತಿಲ್ಲ."

"ಬೈದುಬಿಡಿ ಮೇಡಂ."

"ಮೊದಲು ಇವನ್ನ ಹಾಕಿಕೊಡಿ. ಹಾಡು ಕೇಳಿ ಆಮೇಲೆ ಬೈತೀನಿ."

"ನನ್ನ ಕೈಲಾಗಲ್ಲ. ಹಾಕಬಹುದು. ಎಷ್ಟು ಇಳಿಸಬೇಕು, ಎಷ್ಟು ಏರಿಸಬೇಕು ಅಂತ ಹೇಳೋರು ಯಾರು? ಅತ್ತಿಗೆ ಕಿವೀನೂ ಹಳೇದು."

ನಾನು ಹೇಳಿದೆ, "ಮನೇಲಿ ಒಂದು ಕಿವಿ ಇದೆ. ಮೂವತ್ತು ವರ್ಷ ಹತ್ತಿಯಲ್ಲಿ ಸುತ್ತಿಟ್ಟಿದ್ದು, ಹೊಸದರ ಹಾಗಿದೆ."

ಅವನು ನನ್ನ ಮುಖವನ್ನೇ ನೋಡಿದ. ಮೇಡಂಗೆ ವಿಷಯ ತಿಳಿಸಿದಾಗ ಅವರು ಸೋಫಾದ ಮೇಲೆ ಕೂತು ನಗತೊಡಗಿದರು.

ಹೆಂಡತಿಯನ್ನು ಕೇಳುವುದು ಅವನಿಗೆ ಮೇಡಂ ಮುಂದೆ ತಪ್ಪೊಪ್ಪಿಕೊಂಡದ್ದಕ್ಕಿಂತ ಕಷ್ಟವಾಯಿತು. ಎರಡು ಸಲ ಒಳಕೋಣೆಯ ಬಾಗಿಲವರೆಗೆ ಹೋಗಿ, ಕತ್ತರಿ ಬೇಕಿತ್ತು ಎಂದು ಕತ್ತರಿ ತಂದ. ಎರಡು ಕತ್ತರಿಗಳಾದವು. ಮೂರನೆಯ ಸಲ ಅವಳೇ, "ಏನು ಬೇಕು ಹೇಳ್ರೀ, ನನ್ನ ಹತ್ರ ಇನ್ನು ಕತ್ತರಿ ಇಲ್ಲ" ಎಂದಳು. ಹೇಳಿದ. ಅವಳು ಕೈಯಲ್ಲಿದ್ದ ಕಾಜಾ ಮುಗಿಸಿ, ದಾರ ಕಡಿದು, ತಲೆ ಎತ್ತಿದಳು.

"ಅಂದ್ರೆ ಮೂವತ್ತು ವರ್ಷ ನಾನು ಹೇಳಿದ್ದು ಒಂದೂ ಕೇಳಲಿಲ್ಲ. ಈಗ ನಾನು ಹೇಳಿದ್ದನ್ನೇ ಕೇಳಬೇಕು ಅಂತೀರಿ."

"ಹೂಂ."

"ಜೋರಾಗಿ ಹೇಳಿ."

"ಹೂಂ ಅಂದ್ನಲ್ಲೇ!"

"ಇದು ನಿಮಗೆ ಕೇಳಿಸುತ್ತೆ ತಾನೇ? ಸರಿ ಹಾಗಾದ್ರೆ. ಆದ್ರೆ ಆ ಗಂಟಲು ಹರಕನ್ನ ನಾನು ಹೊಗಳಲ್ಲ. ಚುಚ್ಚಿದ್ರೆ ಚುಚ್ಚುತ್ತೆ ಅಂತೀನಿ, ಇಲ್ಲದಿದ್ರೆ ಇಲ್ಲ ಅಂತೀನಿ, ಅಷ್ಟೇ."

ಆ ಕೆಲಸಕ್ಕೆ ಅಷ್ಟೇ ಬೇಕಿತ್ತು. ಮೆಚ್ಚಿ ಕೇಳುವವರಿಗೆ ಬೇಕಾದದ್ದು ಮಾತ್ರ ಕೇಳಿಸುತ್ತದೆ. ಇವಳು ಅಂಗಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಹೊಲಿಯುತ್ತ, ತಲೆ ಎತ್ತದೆ ಹೇಳುತ್ತ ಹೋದಳು. "ಎಡಗಡೇದು ಗಡಸು." ಅವನು ಇಳಿಸಿದ. "ಇನ್ನೂ." ಇಳಿಸಿದ. "ಈಗ ಅದು ಸತ್ತೇ ಹೋಯ್ತು, ಸ್ವಲ್ಪ ಮೇಲೆ." ಅವನ ಬೆರಳು ಕೂದಲಿನಷ್ಟು ಸರಿಯಿತು. "ಹಾಂ. ಈಗ ಆ ತಟ್ಟೆ ಚಿಂಯ್ ಅಂತು ನೋಡಿ, ಅಂದು ಹೊಗೆ ಹಾಗೆ ಹೋಯ್ತು."

ಅವನ ಕೈ ನಿಂತಿತು. "ಹೊಗೆ ಹಾಗಾ?"

"ಹೂಂ. ಊದುಬತ್ತಿ ಆರಿದ ಮೇಲೆ ಒಂದೆಳೆ ಹೋಗುತ್ತಲ್ಲ, ಹಾಗೆ."

"ಇನ್ನೊಂದ್ಸಲ ಹಾಕ್ತೀನಿ, ಎಲ್ಲಿ ತನಕ ಕೇಳಿಸುತ್ತೆ ಹೇಳು."

ಅವನು ಸೂಜಿಯನ್ನು ಹಿಂದಕ್ಕೆ ಇಟ್ಟ. ಅವಳು ಹೊಲಿಗೆಯ ಕೈಯನ್ನು ಮೇಲೆತ್ತಿ ಹಿಡಿದಳು. ತಟ್ಟೆಯ ಸದ್ದು ಬಂತು, ಕೈ ಮೇಲೆಯೇ ಇತ್ತು. ನನಗೆ ಅದು ಮುಗಿದಿತ್ತು, ಅವಳ ಕೈ ಇನ್ನೂ ಮೇಲಿತ್ತು. ನಿಧಾನವಾಗಿ ಇಳಿಸಿದಳು. ಅವನು ಅವಳ ಬೆರಳುಗಳನ್ನು ನೋಡುತ್ತ ಕೂತಿದ್ದ. ಸದ್ದನ್ನು ನೋಡಿದವನ ಮುಖ ನಾನು ಕಂಡದ್ದು ಅದೊಂದೇ ಸಲ.

ಲೈಬ್ರರಿ ಮೇಡಂ ಮನೆಗೆ ಸ್ಪೀಕರುಗಳನ್ನು ಅವನೇ ಕೊಂಡುಹೋಗಿ ಇಟ್ಟುಬಂದ. ಮೇಡಂ ಒಂದು ರೆಕಾರ್ಡಿನ ಎರಡೂ ಪಕ್ಕ ಕೇಳಿ ಮುಗಿಸಿ, ಹೇಳಿದ ಮಾತಿನಂತೆ ಚೆನ್ನಾಗಿ ಬೈದರಂತೆ. ಅವನು ನಿಂತೇ ಕೇಳಿಸಿಕೊಂಡನಂತೆ. ಉಳಿದ ನಾಲ್ವರಿಗೂ ಹೇಳಿ ಕಳಿಸಿ ಅವರವರ ಟ್ವೀಟರ್ ಮರಳಿ ಹಾಕಿಕೊಟ್ಟ, ಪ್ರತಿಯೊಬ್ಬರಿಗೂ ಅದೇ ನಾಲ್ಕು ಮಾತು ಹೇಳಿದ. ಒಬ್ಬ ಮಾತ್ರ ನಂಬಲಿಲ್ಲ, ಹೊಸದೇ ಒಳ್ಳೆಯದಿತ್ತು ಎಂದು ವಾದ ಮಾಡಿದ.

ಕ್ಷೌರದವನು ಬಂದಾಗ ನನ್ನ ಓರಗಿತ್ತಿ ಅಂಗಡಿಯಲ್ಲೇ ಕೂತಿದ್ದಳು. ಅವಳ ಕುರ್ಚಿ ಈಗ ಹೊರಗೇ ಇರುತ್ತದೆ, ಬೆಳಕು ಚೆನ್ನಾಗಿದೆ ಎನ್ನುತ್ತಾಳೆ.

"ಏನಕ್ಕ, ನೀವಿಲ್ಲಿ?" ಎಂದ.

"ನಿನ್ನ ಗಿರಾಕಿಗಳ ಕುತ್ತಿಗೆ ಉಳಿಸೋಣ ಅಂತ," ಎಂದಳು. "ಹಾಕ್ರೀ ಇವನ ಕ್ಯಾಸೆಟ್. ಅದೇನು ಅರಚುತ್ತೆ ಕೇಳೋಣ."

ಮೈದುನ ಹಾಕಿದ. ತನ್ನ ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟು, ಕೆಳದನಿ ಗುದ್ದುವುದನ್ನು ತಾನು ನೋಡಿಕೊಂಡ, ಅದು ಅವನಿಗೆ ಇನ್ನೂ ಚೆನ್ನಾಗಿಯೇ ಕೇಳಿಸುತ್ತದೆ. ಮೇಲಿನದಕ್ಕೆ ಹೆಂಡತಿಯ ಕಡೆ ತಿರುಗಿದ. ಅವಳು ಕಾಜಾ ಹೊಲಿಯುತ್ತ, "ಬಲಗಡೇದು ಒಂಚೂರು ಇಳಿಸಿ" ಎಂದಳು.